ಸೀಟು ಸಿಕ್ಕಿತು, ಉಳಿಯುವುದು ಹೇಗೆ?

ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲಂತೂ ಹಸಿರು ರೈಲಿನಿಂದ ಇಳಿದವರು ಹಳದಿಯ ಕಡೆಗೆ, ಹಳದಿಯಿಂದ ಇಳಿದವರು ಹಸಿರಿನ ಕಡೆಗೆ ಧಾವಿಸುತ್ತಿರುತ್ತಾರೆ. ಬೆನ್ನಿಗೆ ಬ್ಯಾಗು, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಕಾಲೇಜು ಹುಡುಗ ಹುಡುಗಿಯರಿಗೆ ಲೆಕ್ಕವೇ ಇಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಸುತ್ತಮುತ್ತ ಹಳೆಯ ಪದವಿ ಕಾಲೇಜುಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಖಾಸಗಿ ವಿಶ್ವವಿದ್ಯಾಲಯಗಳಿವೆ. ರಾಜ್ಯದ ಮೂಲೆ ಮೂಲೆಗಳಿಂದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ.

ಆ ನೂಕುನುಗ್ಗಲಿನ ಅಂಚಿನಲ್ಲಿ, ಕಂಬದ ಪಕ್ಕ, ಒಬ್ಬ ಹುಡುಗ ನಿಂತಿದ್ದಾನೆ ಎಂದುಕೊಳ್ಳಿ. ಕಿವಿಗೆ ದಪ್ಪನೆಯ ಹೆಡ್‌ಫೋನು, ಅದರಲ್ಲಿ ಹಾಡಿಲ್ಲ. ಪ್ರಕಟಣೆಯ ದನಿ, ಎಸ್ಕಲೇಟರಿನ ಗುಂಯ್‌ಗುಡುವಿಕೆ, ಯಾರದೋ ಮೊಬೈಲಿನ ರೀಲ್ಸು, ಹತ್ತು ಜನರ ಮಾತು ಎಲ್ಲವೂ ಒಂದೇ ಎತ್ತರದಲ್ಲಿ ಅವನ ಕಿವಿಗೆ ಬಡಿಯುತ್ತಿವೆ. ಎರಡು ರೈಲು ಬಿಟ್ಟು ಮೂರನೆಯದನ್ನು ಹತ್ತೋಣ ಎಂದು ಕಾಯುತ್ತಿದ್ದಾನೆ. ಅಷ್ಟರಲ್ಲಿ ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಾಲು: ಮೊದಲ ಪೀರಿಯಡ್ ಇವತ್ತು ಸೆಮಿನಾರ್ ಹಾಲ್‌ನಲ್ಲಿ, ರೆಕಾರ್ಡ್ ತನ್ನಿ. ಉಳಿದವರು ಒಂದು ಹೆಬ್ಬೆರಳಿನ ಗುರುತು ಒತ್ತಿ ಮುಂದೆ ಹೋದರು. ಇವನು ರಾತ್ರಿಯೇ ಕೂತು ಯಾವ ಮೆಟ್ಟಿಲು ಹತ್ತಬೇಕು, ಯಾವ ಬೆಂಚಿನಲ್ಲಿ ಕೂರಬೇಕು ಎಂದು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ದಿನವೇ ಕುಸಿಯಿತು. ಸೆಮಿನಾರ್ ಹಾಲ್ ಎಲ್ಲಿದೆ? ಯಾವ ರೆಕಾರ್ಡು? ಕೇಳುವುದು ಯಾರನ್ನು? ಮೂರನೆಯ ರೈಲೂ ಹೋಯಿತು. ಅವನು ಮನೆಗೆ ವಾಪಸಾದ.

ಹೀಗೆ ವಾಪಸಾದ ದಿನಗಳು ಕಾಲೇಜಿನ ಪುಸ್ತಕದಲ್ಲಿ ಗೈರುಹಾಜರಿ ಎಂದಷ್ಟೇ ದಾಖಲಾಗುತ್ತವೆ. ಸೆಮಿಸ್ಟರ್ ಕೊನೆಗೆ ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ, ಮುಂದಿನ ವರ್ಷ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗ ಯಾಕೆ ಕಾಲೇಜು ಬಿಟ್ಟ ಎಂದು ನೆಂಟರು ಕೇಳಿದರೆ ತಂದೆತಾಯಿಗೆ ಉತ್ತರ ಹೊಳೆಯುವುದಿಲ್ಲ. ಆಟಿಸಂ ಇರುವ ವಿದ್ಯಾರ್ಥಿಗಳಿಗೆ ಕಾಲೇಜು ಸೇರುವುದಕ್ಕಿಂತ ಅಲ್ಲಿ ಉಳಿಯುವುದೇ ದೊಡ್ಡ ಪರೀಕ್ಷೆ. ಆ ಪರೀಕ್ಷೆಯ ಪ್ರಶ್ನೆಗಳು ಪಠ್ಯದಲ್ಲಿ ಇರುವುದೇ ಇಲ್ಲ.

ಕಾಯಿಲೆಯಲ್ಲ, ಮಿದುಳಿನ ಬೇರೆ ಬಗೆ

ಆಟಿಸಂ ಎಂಬ ಹೆಸರು ಈಗ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಸ್ವಲೀನತೆ ಎಂದೂ ಬರೆಯುತ್ತಾರೆ. ಮಾತಾಡದ, ಕಣ್ಣಲ್ಲಿ ಕಣ್ಣಿಟ್ಟು ನೋಡದ ಪುಟ್ಟ ಮಗುವಿನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಆ ಮಗು ಬೆಳೆದು ಹದಿನೆಂಟಾಗುತ್ತದೆ ಎಂಬುದನ್ನು ಮಾತ್ರ ಮರೆಯುತ್ತೇವೆ.

ಅಮೆರಿಕದಲ್ಲಿ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇದನ್ನು ಮೊದಲು ವಿವರವಾಗಿ ದಾಖಲಿಸಿದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್, ಚೆನ್ನಾಗಿ ಮಾತಾಡಬಲ್ಲ ಆದರೆ ಜನರೊಂದಿಗೆ ಬೆರೆಯಲು ಒದ್ದಾಡುವ ಮಕ್ಕಳ ಬಗ್ಗೆ ಬರೆದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇವೆಲ್ಲವನ್ನೂ ಒಂದೇ ಹೆಸರಿನಡಿ ತಂದು, ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಒಬ್ಬರಿಗೆ ಮಾತೇ ಬಾರದಿರಬಹುದು, ಇನ್ನೊಬ್ಬರು ಗಣಿತದಲ್ಲಿ ಪಿಎಚ್.ಡಿ. ಮಾಡಬಹುದು. ಜಗತ್ತಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಬ್ಬರು ಹೀಗಿರುತ್ತಾರೆ ಎನ್ನುವುದು ಸಾಮಾನ್ಯ ಅಂದಾಜು. ಇದು ಔಷಧಿಯಿಂದ ಹೋಗುವ ಕಾಯಿಲೆಯಲ್ಲ, ಬುದ್ಧಿ ಕಡಿಮೆ ಎಂಬುದರ ಗುರುತೂ ಅಲ್ಲ. ಮಿದುಳು ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ, ಜೀವನಪೂರ್ತಿ ಹಾಗೆಯೇ ಇರುತ್ತದೆ.

ಪಿಯುಸಿ ಮುಗಿದ ಮರುದಿನ

ಜಯನಗರ, ಜೆ.ಪಿ. ನಗರದ ರಸ್ತೆಗಳಲ್ಲಿ ನಡೆದರೆ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಎಂಬ ಬೋರ್ಡುಗಳು ಅಲ್ಲಲ್ಲಿ ಕಾಣುತ್ತವೆ. ಬೋರ್ಡಿನ ಮೇಲೆ ಬಣ್ಣದ ಬಲೂನು, ನಗುವ ಮಗು. ಈ ವಿಷಯದಲ್ಲಿ ಬೆಂಗಳೂರು ಮುಂದಿದೆ ಎಂದು ಹೆಮ್ಮೆಯಿಂದಲೇ ಹೇಳಬಹುದು. ನಿಮ್ಹಾನ್ಸ್ ಇಲ್ಲೇ ಹೊಸೂರು ರಸ್ತೆಯಲ್ಲಿದೆ. ಡಾ. ಪ್ರತಿಭಾ ಕಾರಂತ ಅವರು ರೂಪಿಸಿದ ‘ಕಾಂ ಡೀಲ್’ ಕಾರ್ಯಕ್ರಮ 2000ದ ಸುಮಾರಿನಿಂದ ಪುಟ್ಟ ಮಕ್ಕಳನ್ನು ಮಾತಿಗೆ, ಆಟಕ್ಕೆ ತಂದು ಸಾಮಾನ್ಯ ಶಾಲೆಗೆ ಸೇರಿಸುವ ಗುರಿ ಇಟ್ಟುಕೊಂಡು ನಡೆದಿದೆ. ಹಾಗೆ ಬೇಗ ಗುರುತಿಸಿ, ಬೇಗ ತಿದ್ದಿ ತೀಡಿ ಶಾಲೆಗೆ ಕಳಿಸಿದ ಮಕ್ಕಳ ಮೊದಲ ತಲೆಮಾರು ಈಗ ಕಾಲೇಜಿನ ವಯಸ್ಸು ಮುಟ್ಟಿದೆ, ದಾಟಿದೆ. ಅವರಿಗಾಗಿ ಬೋರ್ಡು ಹಾಕಿದವರು ಅಪರೂಪ.

ಶಾಲೆಯಲ್ಲಿ ಒಂದು ಏರ್ಪಾಡು ಇತ್ತು. ಕ್ಲಾಸ್ ಟೀಚರ್‌ಗೆ ಮಗು ಗೊತ್ತು, ಅಮ್ಮನಿಗೆ ಟೀಚರ್ ಗೊತ್ತು. ಕೆಲವು ಶಾಲೆಗಳಲ್ಲಿ ವಿಶೇಷ ಶಿಕ್ಷಕರಿದ್ದರು, ತರಗತಿಯಲ್ಲಿ ಪಕ್ಕ ಕೂತು ನೆರವಾಗುವ ಶ್ಯಾಡೋ ಟೀಚರ್ ಇದ್ದರು. ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಒಂದು ಭಾಷೆಯಿಂದ ವಿನಾಯಿತಿ ಇಂಥವು ಅರ್ಜಿ ಹಾಕಿದರೆ ಸಿಗುತ್ತಿದ್ದವು. ಒಂದೇ ಕೊಠಡಿ, ಒಂದೇ ಬೆಂಚು, ಗಂಟೆ ಹೊಡೆದರೆ ಪಾಠ. ದಿನಕ್ಕೆ ಒಂದು ಆಕಾರವಿತ್ತು.

ಪದವಿ ತರಗತಿಗೆ ಕಾಲಿಟ್ಟ ದಿನ ಇದೆಲ್ಲ ಒಮ್ಮೆಲೇ ಕಳಚಿಕೊಳ್ಳುತ್ತದೆ. ವಿಷಯಕ್ಕೊಂದು ಕೊಠಡಿ, ಗಂಟೆಗೊಬ್ಬ ಅಧ್ಯಾಪಕರು, ನಡುವೆ ಖಾಲಿ ಪೀರಿಯಡ್ಡು. ಅಮ್ಮ ಏನಾದರೂ ಕೇಳಲು ಹೋದರೆ ‘ಅವನೇನು ಚಿಕ್ಕ ಮಗುವೇನಮ್ಮ, ಅವನೇ ಬಂದು ಮಾತಾಡಲಿ’ ಎನ್ನುತ್ತಾರೆ. ಆ ಮಾತು ಸರಿಯೇ. ಹದಿನೆಂಟಾದವನು ತನ್ನ ಪರವಾಗಿ ತಾನೇ ಮಾತಾಡಬೇಕು. ಆದರೆ ತನಗೇನು ಬೇಕು ಎಂದು ಗುರುತಿಸಿ, ಸರಿಯಾದ ಮೇಜು ಹುಡುಕಿ, ಗುರುತಿಲ್ಲದವರ ಎದುರು ನಿಂತು ವಿವರಿಸುವುದೇ ಆಟಿಸಂ ಇರುವವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ನೆರವು ಪಡೆಯಲು ನಾವಿಟ್ಟಿರುವ ಷರತ್ತು ಅದೇ.

ಹಾಸನ, ಮಂಡ್ಯ, ಶಿವಮೊಗ್ಗದಿಂದ ಬಂದವರ ಪಾಡು ಇನ್ನೂ ಒಂದು ಮೆಟ್ಟಿಲು ಕಷ್ಟ. ಬಿಟಿಎಂ ಬಡಾವಣೆಯ ಪಿಜಿಯಲ್ಲಿ ಒಂದೇ ಕೋಣೆಗೆ ಮೂವರು. ಒಬ್ಬ ರಾತ್ರಿ ಎರಡರವರೆಗೆ ಲೈಟು ಹಾಕಿಕೊಂಡಿರುತ್ತಾನೆ, ಇನ್ನೊಬ್ಬ ಐದಕ್ಕೆ ಅಲಾರಂ ಇಟ್ಟಿರುತ್ತಾನೆ. ಊಟದ ರುಚಿ ದಿನಕ್ಕೊಂದು ಬಗೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದರೆ ಪಾಠದ ಭಾಷೆಯೂ ಹೊಸದು. ಇವರಲ್ಲಿ ಎಷ್ಟೋ ಜನಕ್ಕೆ ತಮಗಿರುವುದು ಆಟಿಸಂ ಎಂದೇ ತಿಳಿದಿರುವುದಿಲ್ಲ. ಊರಿನಲ್ಲಿ ‘ಸಂಕೋಚದ ಹುಡುಗ’, ‘ತನ್ನ ಪಾಡಿಗೆ ತಾನಿರುವವಳು’ ಎಂದು ಬೆಳೆದವರು. ಹೆಣ್ಣುಮಕ್ಕಳಲ್ಲಂತೂ ಮೌನವನ್ನು ಒಳ್ಳೆಯ ನಡತೆ ಎಂದೇ ಓದುವುದರಿಂದ ಗುರುತಿಸುವುದು ಇನ್ನೂ ತಡ.

ಪಾಠ ಅರ್ಥವಾಗುತ್ತದೆ, ಸುತ್ತಲಿನದು ಆಗುವುದಿಲ್ಲ

ಓದಿನ ಒಳಗಿನ ಕಷ್ಟಕ್ಕಿಂತ ಓದಿನ ಸುತ್ತಲಿನ ಕಷ್ಟವೇ ಇವರನ್ನು ಹೊರಗೆ ತಳ್ಳುತ್ತದೆ. ಮೊದಲು ಸದ್ದನ್ನೇ ತೆಗೆದುಕೊಳ್ಳಿ. ರಸ್ತೆಗೆ ಅಂಟಿಕೊಂಡ ಕಾಲೇಜು ಕಟ್ಟಡ, ಹಾರನ್ನು, ಫ್ಯಾನಿನ ಕಿರುಗುಟ್ಟುವಿಕೆ, ಮಿಣುಗುವ ಟ್ಯೂಬ್‌ಲೈಟು, ನೂರು ಜನರ ತರಗತಿ. ನಮ್ಮ ಮಿದುಳು ಬೇಡದ್ದನ್ನು ತಾನಾಗಿಯೇ ಹಿಂದೆ ಸರಿಸಿ ಅಧ್ಯಾಪಕರ ದನಿಯನ್ನು ಮುಂದೆ ತರುತ್ತದೆ. ಆಟಿಸಂ ಇರುವ ಹಲವರಿಗೆ ಈ ಸೋಸುವಿಕೆ ನಡೆಯುವುದಿಲ್ಲ. ನಲವತ್ತು ನಿಮಿಷ ಪಾಠ ಕೇಳಿದ್ದಕ್ಕೆ ಒಂದು ಇಡೀ ದಿನದ ಸುಸ್ತು ಬರುತ್ತದೆ. ನವೆಂಬರಿನಲ್ಲಿ ಕಾಲೇಜಿನ ಅಂಗಳದಲ್ಲಿ ರಾಜ್ಯೋತ್ಸವದ ಡೊಳ್ಳು, ತಮಟೆ ಮೊಳಗುತ್ತವೆ. ಮೊಳಗಲಿ, ಅದು ನಮ್ಮ ಹಬ್ಬ. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಎಂದು ಹಿಂದಿನ ದಿನವೇ ತಿಳಿಸಿ, ಬೇಕಾದವರು ಕೂರಲು ಒಂದು ಕೋಣೆ ತೆರೆದಿಟ್ಟರೆ ಯಾರ ಸಂಭ್ರಮಕ್ಕೂ ಕುಂದಿಲ್ಲ.

ಸದ್ದು, ಬೆಳಕು, ಗೊಂದಲ ಮಿತಿಮೀರಿದಾಗ ಕೆಲವರು ಅಳುತ್ತಾರೆ, ಕೂಗುತ್ತಾರೆ, ಕೈ ಬಡಿಯುತ್ತಾರೆ. ಪೋಷಕರು ಇದನ್ನು ಮೆಲ್ಟ್‌ಡೌನ್ ಎನ್ನುತ್ತಾರೆ. ಇನ್ನು ಕೆಲವರು ಪೂರ್ತಿ ಮೌನವಾಗಿ ಕುಳಿತುಬಿಡುತ್ತಾರೆ, ಕೇಳಿದ್ದಕ್ಕೆ ಉತ್ತರವಿಲ್ಲ. ಮೊದಲನೆಯದನ್ನು ಕಾಲೇಜು ಅಶಿಸ್ತು ಎಂದು, ಎರಡನೆಯದನ್ನು ಉದ್ಧಟತನ ಎಂದು ಓದಿಕೊಳ್ಳುವುದು ಸುಲಭ. ಎರಡೂ ಬೇಕೆಂದು ಮಾಡುವಂಥವಲ್ಲ.

ಪ್ರಯೋಗಾಲಯದ ವೈವಾ ಗಮನಿಸಿ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ರೆಕಾರ್ಡ್ ಪುಟ ತಿರುವುತ್ತ ‘ಏನಪ್ಪಾ, ಇದೆಲ್ಲ ನೀನೇ ಮಾಡಿದ್ದಾ?’ ಎಂದು ಮಾತು ಶುರು ಮಾಡುತ್ತಾರೆ. ಅದು ಹುಡುಗನ ಹೆದರಿಕೆ ಬಿಡಿಸಲು ಆಡಿದ ಮಾತು. ‘ಹೌದು ಸರ್’ ಎಂದರೆ ಮುಗಿಯಿತು. ಆದರೆ ಇವನು ಆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ತೆಗೆದುಕೊಳ್ಳುತ್ತಾನೆ. ಮೂರನೇ ಪ್ರಯೋಗದಲ್ಲಿ ಒಂದು ರೀಡಿಂಗ್ ಪಕ್ಕದವನದು. ಆರನೆಯದರಲ್ಲಿ ಉಪಕರಣ ಜೋಡಿಸಿದ್ದು ಲ್ಯಾಬ್ ಸಹಾಯಕರು. ನಿಜ ಹೇಳಬೇಕಲ್ಲ? ‘ಇಲ್ಲ ಸರ್, ಎಲ್ಲ ನಾನು ಮಾಡಿಲ್ಲ’ ಎನ್ನುತ್ತಾನೆ, ಪರೀಕ್ಷಕರ ಮುಖ ನೋಡದೆ ಮೇಜಿನ ಅಂಚನ್ನು ನೋಡುತ್ತ. ಪರೀಕ್ಷಕರಿಗೆ ಅಲ್ಲಿಗೆ ತೀರ್ಮಾನವಾಯಿತು. ಮುಂದಿನ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ನಾಲಿಗೆಗೆ ಬರಲು ಅರ್ಧ ನಿಮಿಷ ಬೇಕು, ಅಷ್ಟು ಕಾಯುವ ವ್ಯವಧಾನ ಸಾಲಿನಲ್ಲಿ ಇನ್ನೂ ಇಪ್ಪತ್ತು ಜನ ನಿಂತಿರುವಾಗ ಯಾರಿಗೂ ಇರುವುದಿಲ್ಲ. ವಿಷಯ ಚೆನ್ನಾಗಿ ಗೊತ್ತಿರುವ ಹುಡುಗ ವಿಷಯ ಗೊತ್ತಿಲ್ಲದವನಂತೆ ಹೊರಗೆ ಬರುತ್ತಾನೆ. ಅದೇ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಟ್ಟು ಹತ್ತು ನಿಮಿಷ ಬಿಟ್ಟಿದ್ದರೆ ಚಿತ್ರವೇ ಬೇರೆ ಇರುತ್ತಿತ್ತು.

ಗುಂಪು ಪ್ರಾಜೆಕ್ಟು ಇನ್ನೊಂದು ತೊಡಕು. ‘ನಾಲ್ಕು ನಾಲ್ಕು ಜನ ನೀವೇ ಗುಂಪು ಮಾಡಿಕೊಳ್ಳಿ’ ಎಂದು ಹೇಳಿ ಅಧ್ಯಾಪಕರು ಹೊರಟರೆ ಐದು ನಿಮಿಷದಲ್ಲಿ ಗುಂಪುಗಳಾಗುತ್ತವೆ, ಒಬ್ಬಿಬ್ಬರು ಉಳಿಯುತ್ತಾರೆ. ಆ ಉಳಿದವರು ಪ್ರತಿ ಸಲವೂ ಅವರೇ. ಗುಂಪಿಗೆ ಸೇರಿದರೂ ಯಾರು ಯಾವ ಕೆಲಸ, ಯಾವಾಗ ಮುಗಿಸಬೇಕು ಎಂಬುದು ಕ್ಯಾಂಟೀನಿನ ಗದ್ದಲದಲ್ಲಿ ಅರ್ಧ ಮಾತು, ಅರ್ಧ ಸನ್ನೆಯಲ್ಲಿ ತೀರ್ಮಾನವಾಗಿರುತ್ತದೆ. ಇವರ ಪಾಲಿನ ಕೆಲಸ ಇವರಿಗೇ ಗೊತ್ತಿರುವುದಿಲ್ಲ.

ಕೆಲಸವನ್ನು ತುಂಡು ತುಂಡು ಮಾಡಿಕೊಂಡು, ಯಾವುದು ಮೊದಲು ಎಂದು ಹೊಂದಿಸಿ, ಶುರು ಮಾಡುವ ಶಕ್ತಿಯೂ ಹಲವರಲ್ಲಿ ಬೇರೆ ಬಗೆಯದು. ನಾಲ್ಕು ಅಸೈನ್‌ಮೆಂಟ್ ಒಂದೇ ವಾರಕ್ಕೆ ಬಂದರೆ ಯಾವುದರಿಂದ ಶುರು ಮಾಡಬೇಕೆಂದು ತೋಚದೆ ನಾಲ್ಕೂ ಉಳಿಯುತ್ತವೆ. ಹೊರಗಿನವರಿಗೆ ಇದು ಸೋಮಾರಿತನವಾಗಿ ಕಾಣುತ್ತದೆ. ಸೋಮಾರಿಗೆ ನಿದ್ದೆ ಬರುತ್ತದೆ, ಇವರಿಗೆ ಆ ವಾರ ನಿದ್ದೆ ಇರುವುದಿಲ್ಲ.

ಇವೆಲ್ಲದರ ಮೇಲೆ ಶೇ 75ರ ಹಾಜರಾತಿ ನಿಯಮ. ಓದಿಗೆ ಶಿಸ್ತು ಬೇಕು ಎಂಬುದನ್ನು ಒಪ್ಪೋಣ. ಕೈಕಾಲು ಮುರಿದುಕೊಂಡವರಿಗೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಿಯಾಯಿತಿ ಕೊಡುವ ಕಾಲೇಜಿಗೆ, ತರಗತಿಯ ಬಾಗಿಲವರೆಗೆ ಬಂದು ಒಳಗೆ ಬರಲಾಗದೆ ಮರಳಿದವರ ಕಷ್ಟವೂ ಅಷ್ಟೇ ನಿಜವೆಂದು ಅರ್ಥವಾಗಬೇಕು.

ಎಲ್ಲರಂತೆ ಕಾಣುವ ಆಯಾಸ

ಹಾಗಾದರೆ ಚೆನ್ನಾಗಿ ನಡೆದುಕೊಂಡು ಹೋಗುತ್ತಿರುವವರೂ ಇದ್ದಾರಲ್ಲ? ಇದ್ದಾರೆ. ಅವರಲ್ಲಿ ಅನೇಕರು ದಿನವಿಡೀ ನಟಿಸುತ್ತಿರುತ್ತಾರೆ. ನಗಬೇಕಾದಲ್ಲಿ ನಗುವುದು, ಎದುರಿನವರ ಹುಬ್ಬುಗಳ ನಡುವೆ ದೃಷ್ಟಿಯಿಟ್ಟು ಕಣ್ಣು ನೋಡಿದಂತೆ ತೋರಿಸಿಕೊಳ್ಳುವುದು, ಕೈ ಆಡಿಸಬೇಕೆನಿಸಿದರೆ ಜೇಬಿನೊಳಗೆ ಮುಷ್ಟಿ ಬಿಗಿಯುವುದು, ನಾಳೆ ಆಡಬೇಕಾದ ಮಾತನ್ನು ಇವತ್ತೇ ಬಾಯಿಪಾಠ ಮಾಡುವುದು. ಸಂಶೋಧಕರು ಈ ಮರೆಮಾಚುವಿಕೆಯನ್ನು ಕಳೆದ ಹತ್ತು ವರ್ಷಗಳಲ್ಲಿ ಸಾಕಷ್ಟು ಅಧ್ಯಯನ ಮಾಡಿದ್ದಾರೆ. ಹೆಚ್ಚು ಮರೆಮಾಚುವವರಲ್ಲಿ ಆತಂಕ, ಖಿನ್ನತೆ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡಿದೆ. ಮಗಳು ಸಂಜೆ ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಮಲಗಿದರೆ ಅದು ಸಿಟ್ಟಲ್ಲ, ದಿನದ ದುಡಿಮೆಯ ದಣಿವು. ಆ ಹೊತ್ತಿನಲ್ಲಿ ‘ಏನಾಯ್ತು ಪುಟ್ಟಿ, ಏನಾಯ್ತು’ ಎಂದು ಪ್ರಶ್ನೆಗಳ ಮಳೆ ಸುರಿಸದಿರುವುದೇ ಅವಳಿಗೆ ಮಾಡುವ ದೊಡ್ಡ ಉಪಕಾರ.

ಆಟಿಸಂ ಇರುವವರಿಗೆ ಪರರ ಮನಸ್ಸು ತಿಳಿಯದು ಎಂಬ ಹಳೆಯ ಮಾತಿದೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ತಿರುಗಿಸಿ ಕೇಳಿದರು: ಉಳಿದವರಿಗೆ ಇವರ ಮನಸ್ಸು ತಿಳಿಯುತ್ತದೆಯೇ? ಅರ್ಥವಾಗದಿರುವುದು ಎರಡೂ ಕಡೆಯಿಂದ, ಆದರೆ ಸರಿಪಡಿಸಿಕೊಳ್ಳಬೇಕಾದ ಹೊಣೆ ಮಾತ್ರ ಒಂದೇ ಕಡೆಗೆ ಬಿದ್ದಿದೆ ಎಂದರು. ನಮ್ಮ ತರಗತಿಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಬದಲಾಗಬೇಕಾದವನು ಯಾವಾಗಲೂ ಆ ಒಬ್ಬ ಹುಡುಗ, ಅರವತ್ತು ಜನರ ತರಗತಿ ಕೂತಲ್ಲೇ ಕೂತಿರುತ್ತದೆ.

ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇದ್ದರೂ ವಯಸ್ಕರ ಆಟಿಸಂ ಬಗ್ಗೆ ತರಬೇತಿ ಪಡೆದವರು ವಿರಳ. ಮನಸ್ಸು ತೀರಾ ಕುಸಿದಾಗ ಯಾವ ಹೊತ್ತಿನಲ್ಲೂ ಕರೆ ಮಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಲಭ್ಯ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನ. ಫೋನಿನಲ್ಲಿ ಮಾತಾಡುವುದೇ ಕಷ್ಟವಾದವರ ಪರವಾಗಿ ಮನೆಯವರೋ ಗೆಳೆಯರೋ ಕರೆ ಮಾಡಿ ಕೇಳಿಕೊಳ್ಳಬಹುದು.

ಹೇಳಿಕೊಳ್ಳಬೇಕೇ, ಬೇಡವೇ?

ಕಾಲೇಜು ಸೇರುವಾಗ ಪ್ರತಿ ಕುಟುಂಬವೂ ಈ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತದೆ. ಅರ್ಜಿಯಲ್ಲಿ ‘ಅಂಗವೈಕಲ್ಯ ಇದೆಯೇ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಸೀಟು ಕೊಡದಿದ್ದರೆ? ತರಗತಿಯಲ್ಲಿ ಗೊತ್ತಾದರೆ ಆಡಿಕೊಂಡರೆ? ನಾಳೆ ಮನೆಯಲ್ಲಿ ಇನ್ನೊಂದು ಮಗುವಿನ ಮದುವೆ ಮಾತು ಬಂದಾಗ ಅಡ್ಡಿಯಾದರೆ? ಈ ಭಯಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಕಾಗದ ಇಲ್ಲದೆ ಹಕ್ಕು ಕೇಳುವುದೂ ಕಷ್ಟ.

ಕಾಗದ ಎಂದರೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು. ಅರ್ಜಿ ಆನ್‌ಲೈನಿನಲ್ಲಿ, ತಪಾಸಣೆ ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ. ಆಟಿಸಂ ಅಳೆಯಲು ನಮ್ಮ ದೇಶದ್ದೇ ಆದ ಒಂದು ಮಾಪಕವಿದೆ. ಜನರೊಂದಿಗಿನ ಒಡನಾಟ, ಭಾವನೆ, ಮಾತು, ವರ್ತನೆ, ಇಂದ್ರಿಯ, ಗ್ರಹಿಕೆ ಎಂಬ ಆರು ವಿಭಾಗಗಳಲ್ಲಿ 40 ಅಂಶಗಳು, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ ಎಂದು ಲೆಕ್ಕ. ಕಷ್ಟ ಇರುವುದು ಇಲ್ಲೇ. ವರ್ಷಗಟ್ಟಲೆ ಥೆರಪಿ ಪಡೆದು, ನಟಿಸುವುದನ್ನು ಕಲಿತು, ತಯಾರಿ ಮಾಡಿಕೊಂಡು ಬಂದ ಇಪ್ಪತ್ತರ ಯುವತಿ ಡಾಕ್ಟರ ಎದುರು ಅರ್ಧ ಗಂಟೆ ಸಲೀಸಾಗಿ ಮಾತಾಡಿಬಿಡಬಲ್ಲಳು. ಆ ಅರ್ಧ ಗಂಟೆಗಾಗಿ ಅವಳು ತೆತ್ತ ಬೆಲೆ ಅಂಕದಲ್ಲಿ ಕಾಣುವುದಿಲ್ಲ. ಚಿಕ್ಕಂದಿನ ವರದಿಗಳು, ಶಾಲೆಯ ಪತ್ರಗಳು, ಥೆರಪಿಸ್ಟ್ ಟಿಪ್ಪಣಿಗಳು ಇದ್ದರೆ ಜೋಪಾನವಾಗಿಟ್ಟು ತಪಾಸಣೆಗೆ ಒಯ್ಯುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ

1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. ಆದರೆ ಉನ್ನತ ಶಿಕ್ಷಣದ ಬಾಗಿಲು ನಿಜಕ್ಕೂ ತೆರೆದದ್ದು ವಿಕಲಚೇತನರ ಹಕ್ಕುಗಳ ಕಾಯ್ದೆ 2016. ಇದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದರಲ್ಲಿ ವರ್ಗಗಳು 21, ಆಟಿಸಂ ಅದರಲ್ಲಿ ಒಂದು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಕನಿಷ್ಠ ಶೇ 5 ಸೀಟು ಮೀಸಲಿಡಬೇಕು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಕೊಡಬೇಕು ಎನ್ನುತ್ತದೆ 32ನೇ ಕಲಂ. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪತ್ರಿಕೆಗೆ ಇದು ಒಂದು ಗಂಟೆ.

ಈ ಕಾಯ್ದೆಯ ಜೀವಾಳ ಮೀಸಲಾತಿಗಿಂತ ಹೆಚ್ಚಾಗಿ, ವ್ಯಕ್ತಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂಬ ತತ್ವದಲ್ಲಿದೆ. 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕೈ ಸೆಳೆತದಿಂದ ಬರೆಯಲಾಗದ ಅಭ್ಯರ್ಥಿಗೆ ಶೇ 40ರ ಮಿತಿಯ ನೆಪದಲ್ಲಿ ಬರೆದುಕೊಡುವ ಸಹಾಯಕನನ್ನು ನಿರಾಕರಿಸುವಂತಿಲ್ಲ, ಅನುಕೂಲ ಎಂಬುದು ಆಯಾ ವ್ಯಕ್ತಿಯ ಅಗತ್ಯ ನೋಡಿ ತೀರ್ಮಾನಿಸಬೇಕಾದದ್ದು ಎಂದಿತು. ಯುಜಿಸಿ ಕೂಡ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪ್ರವೇಶಯೋಗ್ಯತೆಯ ಮಾರ್ಗಸೂಚಿ ಹೊರಡಿಸಿದೆ.

ಇಷ್ಟಿದ್ದೂ ಅನುಕೂಲ ಎಂದೊಡನೆ ನಮ್ಮ ಕಾಲೇಜುಗಳ ಕಣ್ಣ ಮುಂದೆ ಬರುವುದು ರ‍್ಯಾಂಪು ಮತ್ತು ಲಿಫ್ಟು. ಅವು ಬೇಕೇ ಬೇಕು. ಆದರೆ ರ‍್ಯಾಂಪು ಹತ್ತಿ ಬರಬಲ್ಲ ಆಟಿಸಂ ಹುಡುಗನಿಗೆ ಬೇಕಾದದ್ದು ಬೇರೆ, ಮತ್ತು ಅದಕ್ಕೆ ಸಿಮೆಂಟು, ಕಬ್ಬಿಣ ಬೇಡ.

ಲೆಕ್ಕಕ್ಕೇ ಸಿಗದವರು

ಎಷ್ಟು ಜನ ಕಾಲೇಜು ಬಿಡುತ್ತಿದ್ದಾರೆ? 2011ರ ಜನಗಣತಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿ ಪ್ರಕಾರ ದೇಶದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಎಲ್ಲ ಬಗೆಯ ವಿಕಲಚೇತನರು ಸೇರಿ ಸುಮಾರು 88 ಸಾವಿರ. ಸಾವಿರಕ್ಕೆ ಇಬ್ಬರು. ಸೇರುವಾಗಿನ ಲೆಕ್ಕವೇ ಇಷ್ಟು ತೆಳು ಇರುವಾಗ ನಡುವೆ ಬಿಟ್ಟವರ ಲೆಕ್ಕ ಇಡುವವರು ಯಾರು?

ಹೊರದೇಶಗಳಲ್ಲಿ ಲೆಕ್ಕ ಇಟ್ಟಿದ್ದಾರೆ. ಅಮೆರಿಕದ ದೊಡ್ಡದೊಂದು ರಾಷ್ಟ್ರೀಯ ಅಧ್ಯಯನದ 2011ರ ವರದಿಯಲ್ಲಿ, ಪ್ರೌಢಶಾಲೆಯ ನಂತರ ಓದಲು ಸೇರಿದ ಆಟಿಸಂ ಯುವಜನರಲ್ಲಿ ಕೋರ್ಸ್ ಮುಗಿಸಿದವರು ಶೇ 39ರಷ್ಟು ಮಾತ್ರ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಐಲಿ ಕೇಜ್ ಮತ್ತು ಸಂಗಡಿಗರು ಓದು ಬಿಟ್ಟವರನ್ನೇ ಮಾತಾಡಿಸಿ 2020ರಲ್ಲಿ ಪ್ರಕಟಿಸಿದರು. ಮೊದಲ ದಿನಗಳ ದಿಢೀರ್ ಬದಲಾವಣೆ, ಒಂಟಿತನ, ತಾನಾಗಿ ಬಾರದ ನೆರವು ಇವೇ ಅವರ ಮಾತಿನಲ್ಲಿ ಮತ್ತೆ ಮತ್ತೆ ಬಂದವು. ಇನ್ನೊಂದು ಬದಿಯಲ್ಲಿ ಆಮ್‌ಸ್ಟರ್‌ಡಾಮಿನ ಫ್ರೀಯೆ ವಿಶ್ವವಿದ್ಯಾಲಯದ ಅಧ್ಯಯನಗಳು ಅಲ್ಲಿನ ಆಟಿಸಂ ವಿದ್ಯಾರ್ಥಿಗಳು ಓದಿನಲ್ಲಿ, ಪದವಿ ಪೂರೈಸುವುದರಲ್ಲಿ ಸಹಪಾಠಿಗಳಿಗಿಂತ ಅಷ್ಟೇನೂ ಹಿಂದಿಲ್ಲ ಎಂದು ತೋರಿಸಿವೆ. ಅಂದಮೇಲೆ ಅರ್ಧಕ್ಕೆ ಬಿಡುವುದು ಆಟಿಸಂ ಜೊತೆಗೇ ಹುಟ್ಟಿ ಬಂದ ವಿಧಿಯಲ್ಲ.

ದುಡ್ಡು ಬೇಡದ ಕೆಲಸಗಳು

ಕಾಲೇಜೊಂದು ಈ ವರ್ಷವೇ ಮಾಡಬಹುದಾದ ಕೆಲಸಗಳಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಒಬ್ಬ ವ್ಯಕ್ತಿ. ವಿದ್ಯಾರ್ಥಿ ಏನೇ ತೊಡಕಾದರೂ ಹೋಗಿ ಹೇಳಬಹುದಾದ, ಮೂರು ವರ್ಷವೂ ಬದಲಾಗದ ಒಬ್ಬ ಅಧ್ಯಾಪಕರೋ ಕಚೇರಿ ಸಿಬ್ಬಂದಿಯೋ ಇರಲಿ. ವಿದ್ಯಾರ್ಥಿ ಬಾರದಿದ್ದರೆ ಅವರೇ ಹದಿನೈದು ದಿನಕ್ಕೊಮ್ಮೆ ಕರೆದು ವಿಚಾರಿಸಲಿ. ಉಳಿದ ಎಲ್ಲ ಏರ್ಪಾಡೂ ಈ ಒಬ್ಬರ ಮೂಲಕವೇ ನಡೆಯುತ್ತದೆ: ಕೊಠಡಿ ಬದಲಾದರೆ ಹಿಂದಿನ ಸಂಜೆಯೇ ಬರೆದು ತಿಳಿಸುವುದು, ಅಸೈನ್‌ಮೆಂಟ್ ಸೂಚನೆಯನ್ನು ಬಾಯಲ್ಲಿ ಹೇಳಿ ಬಿಡದೆ ಹಾಳೆಯಲ್ಲಿ ಕೊಡುವುದು, ಗುಂಪುಗಳನ್ನು ಅಧ್ಯಾಪಕರೇ ಮಾಡಿ ಕೆಲಸ ಹಂಚುವುದು. ಗ್ರಂಥಾಲಯದ ಒಂದು ಮೂಲೆಯನ್ನೋ ಖಾಲಿ ಕೋಣೆಯನ್ನೋ ನಿಶ್ಶಬ್ದದ ಜಾಗವಾಗಿ ಬಿಡಬಹುದು. ಪ್ರವೇಶ ಪಡೆದವರನ್ನು ತರಗತಿ ಶುರುವಾಗುವ ವಾರ ಮೊದಲೇ ಕರೆಸಿ, ಜನರಿಲ್ಲದ ಕಟ್ಟಡದಲ್ಲಿ ಮೆಟ್ಟಿಲು, ಲ್ಯಾಬು, ಶೌಚಾಲಯ ತೋರಿಸಬಹುದು. ಬರೆದು ತಿಳಿಸುವ ಅಭ್ಯಾಸದಿಂದ ಹಳ್ಳಿಯಿಂದ ಬಂದ, ಇಂಗ್ಲಿಷಿಗೆ ಅಂಜುವ ಎಲ್ಲ ಮಕ್ಕಳಿಗೂ ಅನುಕೂಲ.

ಸಹಪಾಠಿಗಳೂ ದೊಡ್ಡ ಬಲ. ಊಟದ ಹೊತ್ತಿನಲ್ಲಿ ಪಕ್ಕ ಕೂತು ಮಾತಾಡದೆಯೂ ಇರಬಲ್ಲ ಒಬ್ಬ ಗೆಳತಿ, ‘ನಾಳೆ ಲ್ಯಾಬ್ ಎರಡನೇ ಮಹಡಿ, ನಾನು ಗೇಟಿನಲ್ಲಿರ್ತೀನಿ’ ಎಂದು ಮೆಸೇಜ್ ಕಳಿಸುವ ಒಬ್ಬ ಗೆಳೆಯ, ಇಷ್ಟರಿಂದಲೇ ಒಂದು ವರ್ಷ ಉಳಿದವರಿದ್ದಾರೆ.

ಓದಿ ಏನು ಪ್ರಯೋಜನ, ಕೆಲಸ ಕೊಡುವವರಾರು ಎಂದು ಕೈಚೆಲ್ಲುವ ಪೋಷಕರಿಗೆ ಬೆಂಗಳೂರಿನದೇ ಉದಾಹರಣೆ ಇದೆ. ಎಸ್‌ಎಪಿ ಲ್ಯಾಬ್ಸ್ 2011ರಲ್ಲಿ ಇಲ್ಲಿಯೇ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ತೆಗೆದುಕೊಂಡಿತು. ಆ ಅನುಭವದ ಬಲದ ಮೇಲೆ ಕಂಪನಿ 2013ರಲ್ಲಿ ಅದನ್ನು ಜಗತ್ತಿನ ಬೇರೆ ದೇಶಗಳಿಗೂ ವಿಸ್ತರಿಸಿತು. ಕೋರಮಂಗಲದ ಎನೇಬಲ್ ಇಂಡಿಯಾ ಸಂಸ್ಥೆ 1999ರಿಂದ ವಿಕಲಚೇತನರನ್ನು ಉದ್ಯೋಗಕ್ಕೆ ಸಿದ್ಧಪಡಿಸುತ್ತಿದೆ. 2016ರ ಕಾಯ್ದೆಯ ಪ್ರಕಾರ ಸರ್ಕಾರಿ ನೌಕರಿಯ ಶೇ 4 ಮೀಸಲಾತಿಯಲ್ಲಿ ಆಟಿಸಂ ಇರುವವರೂ ಸೇರಿದ್ದಾರೆ. ಉದ್ಯೋಗದ ತುದಿಯಲ್ಲಿ ಬಾಗಿಲು ಅಷ್ಟಿಷ್ಟು ತೆರೆದಿದೆ, ಶಾಲೆಯ ತುದಿಯಲ್ಲಿ ನೆರವಿದೆ, ನಡುವಿನ ಮೂರು ನಾಲ್ಕು ವರ್ಷಗಳ ಸೇತುವೆಯೇ ಮುರಿದಿದೆ.

ಈ ಸಲ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವ ಪೋಷಕರು ಶುಲ್ಕ, ಪ್ಲೇಸ್‌ಮೆಂಟ್ ಕೇಳುವುದರ ಜೊತೆಗೆ ‘ವಿಕಲಚೇತನ ವಿದ್ಯಾರ್ಥಿಗಳ ಜವಾಬ್ದಾರಿ ಹೊತ್ತವರು ಯಾರು, ಅವರನ್ನು ಈಗಲೇ ಭೇಟಿಯಾಗಬಹುದೇ’ ಎಂದೂ ಕೇಳಿ. ಬೇಕಾದ ಅನುಕೂಲವನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಹಕ್ಕು ನಿರಾಕರಿಸಿದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು, ವಿಚಾರಣೆ ನಡೆಸುವ ಅಧಿಕಾರ ಅವರಿಗೆ ಕಾಯ್ದೆಯಲ್ಲೇ ಇದೆ. ಪ್ರಾಂಶುಪಾಲರಲ್ಲಿ ಒಂದೇ ಬೇಡಿಕೆ: ಪ್ರವೇಶ ಪುಸ್ತಿಕೆಯ ಮೊದಲ ಪುಟಗಳಲ್ಲಿ ಆ ಒಬ್ಬ ವ್ಯಕ್ತಿಯ ಹೆಸರು, ಕೊಠಡಿ ಸಂಖ್ಯೆ, ಸಿಗುವ ಸಮಯವನ್ನು ಅಚ್ಚು ಹಾಕಿಸಿ.